ನೊಗದ ಭಾರವನ್ನು ಬರೆದವಳು: ರೋಸಾ ಬೊನರ್

ನಾನು ಹುಳಿಯಾರಿನ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದ ಕಾಲದ ಮಾತು. ನಮ್ಮ ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿದ್ದುವು. ಒಂದು ದಿನ ಮಧ್ಯಾಹ್ನ ಜಗಲಿಯ ಮೇಲೆ ಕುಳಿತು, ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಆ ಎತ್ತುಗಳ ಚಿತ್ರವನ್ನು ಬರೆದೆ. ಹಿಂದಕ್ಕೆ ಬಾಗಿ ಮತ್ತೆ ಮುಂದಕ್ಕೆ ಚಾಚುವ ಕೊಂಬುಗಳ ಸೊಗಸೆಲ್ಲ ಅದರಲ್ಲಿ ಬಂದಿದೆಯೆಂದು ನನಗೆ ಹೆಮ್ಮೆ. ತೋಟದಿಂದ ಬಂದ ತಾತನವರಿಗೆ ಅದನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಬಳಿಕ, ಈ ಎತ್ತಿಗೆ ನೊಗ ಇಟ್ಟರೆ ಅದು ಎಲ್ಲಿ ಕೂರುತ್ತದೆಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಎತ್ತಿಗೆ ಕೊಂಬಿತ್ತು, ಬಾಲವಿತ್ತು, ಕೊರಳಿಗೆ ಗಂಟೆಯೂ ಇತ್ತು, ಹೆಗಲಿರಲಿಲ್ಲ. ತಾತನವರು ನನ್ನ ಕೈ ಹಿಡಿದು ಕೊಟ್ಟಿಗೆಗೆ ಕರೆದೊಯ್ದರು. ಹಿಣಿಲಿನ ಮುಂದೆ, ನೊಗ ಉಜ್ಜಿ ಉಜ್ಜಿ ಕೂದಲು ಸವೆದು ಚರ್ಮ ಜಡ್ಡುಗಟ್ಟಿದ ಜಾಗದ ಮೇಲೆ ನನ್ನ ಅಂಗೈಯನ್ನಿರಿಸಿದರು. ಮತ್ತೇನೂ ಹೇಳಲಿಲ್ಲ.

ಮುಂದೆ ಎಷ್ಟೋ ವರ್ಷಗಳಾದ ಮೇಲೆ, ಚಿತ್ರಕಲೆಯ ಶಿಕ್ಷಣಕ್ಕೆಂದು ಮೈಸೂರಿಗೆ ಹೋದಾಗ, ಹಳೆಯ ಪುಸ್ತಕವೊಂದರಲ್ಲಿ ಅಂಗೈಯಗಲದ ಒಂದು ಅಚ್ಚುಚಿತ್ರವನ್ನು ಕಂಡೆ. ಉತ್ತ ಹೊಲ, ಹೊರಳಿಬಿದ್ದ ಮಣ್ಣಿನ ಹೆಂಟೆಗಳು, ಸಾಲಾಗಿ ನೇಗಿಲೆಳೆಯುತ್ತಿರುವ ಬಿಳಿಯ ಎತ್ತುಗಳು. ಆ ಎತ್ತುಗಳು ನಮ್ಮವಲ್ಲ, ಅವಕ್ಕೆ ಹಿಣಿಲಿಲ್ಲ, ಮೈಯೋ ಬಂಡೆಯಂತೆ. ಆದರೂ ಭಾರ ಎಲ್ಲಿ ಕೂತಿದೆ, ಯಾವ ಕಾಲು ನೆಲವನ್ನು ಒತ್ತುತ್ತಿದೆ, ಯಾವುದು ಆ ಗಳಿಗೆಯಲ್ಲಿ ಬಿಡುವು ಪಡೆಯುತ್ತಿದೆ ಎಂಬುದು ಆ ಪುಟ್ಟ ಚಿತ್ರದಲ್ಲಿಯೂ ನಿಚ್ಚಳವಾಗಿತ್ತು. ಇದನ್ನು ಬರೆದಾತ ಎತ್ತಿನ ಮೈಯನ್ನು ಮುಟ್ಟಿ ನೋಡಿದವನೇ ಇರಬೇಕೆಂದು ನನಗನ್ನಿಸಿತು. ಕೆಳಗಿನ ಹೆಸರನ್ನು ಓದಿದಾಗ, ಬರೆದಾತನಲ್ಲ, ಬರೆದಾಕೆ ಎಂದು ತಿಳಿಯಿತು. ಫ್ರಾನ್ಸಿನ ರೋಸಾ ಬೊನರ್. ಅಂದಿನಿಂದ ಆಕೆಯ ಬಾಳಿನ ಸಂಗತಿಗಳನ್ನು ಸಿಕ್ಕಸಿಕ್ಕಲ್ಲಿ ಆಯ್ದು ಕೂಡಿಸಿಕೊಂಡಿದ್ದೇನೆ. ಅವನ್ನು ವಾಚಕರ ಮುಂದಿಡುವ ಆಸೆ ಬಹಳ ದಿನಗಳಿಂದ ನನ್ನಲ್ಲಿತ್ತು.

ರೋಸಾ ಹುಟ್ಟಿದ್ದು 1822ರ ಮಾರ್ಚ್ 16ರಂದು, ಫ್ರಾನ್ಸಿನ ನೈರುತ್ಯದಲ್ಲಿರುವ ಬೋರ್ಡೋ ನಗರದಲ್ಲಿ. ತಂದೆ ರೇಮೋಂ ಬೊನರ್ ಚಿತ್ರಕಾರ, ಚಿತ್ರಕಲೆಯ ಉಪಾಧ್ಯಾಯ. ತಾಯಿ ಸೋಫಿ ಪಿಯಾನೊ ಪಾಠ ಹೇಳುತ್ತಿದ್ದಳು. ನಾಲ್ವರು ಮಕ್ಕಳಲ್ಲಿ ರೋಸಾ ಹಿರಿಯಳು. ಆಕೆಗೆ ಅಕ್ಷರ ಕಲಿಯುವುದೆಂದರೆ ಆಗದು. ತಾಯಿ ಒಂದು ಉಪಾಯ ಮಾಡಿದಳು: ಒಂದೊಂದು ಅಕ್ಷರದ ಎದುರಿಗೂ ಆ ಅಕ್ಷರದಿಂದ ಹೆಸರು ಮೊದಲಾಗುವ ಪ್ರಾಣಿಯೊಂದನ್ನು ಬರೆಯಲು ಹೇಳಿದಳು. ನಮ್ಮ ಮಕ್ಕಳು ಆನೆಯಿಂದ ‘ಆ’ ಕಲಿತಂತೆ ಆ ಹುಡುಗಿಯೂ ಕಲಿತಳು. ಒಂದು ವ್ಯತ್ಯಾಸವಷ್ಟೆ: ನಮ್ಮ ಮಕ್ಕಳು ಅಕ್ಷರ ಬಂದ ಮೇಲೆ ಆನೆಯನ್ನು ಬಿಟ್ಟುಬಿಡುತ್ತಾರೆ, ರೋಸಾ ಬಿಡಲಿಲ್ಲ.

1829ರಲ್ಲಿ ಸಂಸಾರ ಪ್ಯಾರಿಸ್ಸಿಗೆ ಬಂದಿತು. ತಂದೆ ಆದರ್ಶವಾದಿ. ಗಂಡು ಹೆಣ್ಣು ಸಮಾನರೆಂದು ಸಾರುತ್ತಿದ್ದ ಸ್ಯಾಂ-ಸಿಮೋನ್ ಪಂಥವನ್ನು ಸೇರಿ, ಕೆಲವು ಕಾಲ ಮನೆ ಬಿಟ್ಟು ಆ ಪಂಥದವರ ಆಶ್ರಮದಲ್ಲಿಯೇ ಇದ್ದ. ಲೋಕದ ಸ್ತ್ರೀಯರನ್ನೆಲ್ಲ ಉದ್ಧರಿಸುವ ಮಾತು ಆಶ್ರಮದಲ್ಲಿ ನಡೆಯುತ್ತಿದ್ದಾಗ, ಆತನ ಮನೆಯ ಸ್ತ್ರೀ ಪಾಠ ಹೇಳಿಕೊಂಡು, ಹೊಲಿಗೆ ಮಾಡಿಕೊಂಡು ಮಕ್ಕಳನ್ನು ಸಾಕುತ್ತಿದ್ದಳು. 1833ರಲ್ಲಿ ಆ ತಾಯಿ ತೀರಿಕೊಂಡಳು. ಪ್ರತ್ಯೇಕವಾದೊಂದು ಗೋರಿಗೂ ಹಣವಿಲ್ಲದೆ, ಬಡವರನ್ನು ಹುಗಿಯುವ ಸಾಮೂಹಿಕ ಗುಂಡಿಯಲ್ಲಿ ಆಕೆಯನ್ನು ಮಣ್ಣು ಮಾಡಿದರು. ರೋಸಾಳಿಗೆ ಆಗ ಹನ್ನೊಂದು ವರ್ಷ. ಮುಂದೆ ಆಕೆ ಮದುವೆಯಾಗದೆ ಉಳಿದದ್ದಕ್ಕೆ ಹಲವರು ಹಲವು ಕಾರಣ ಹೇಳಿದ್ದಾರೆ. ತಾಯಿಯ ಬಾಳನ್ನೂ ಸಾವನ್ನೂ ಕಣ್ಣಾರೆ ಕಂಡದ್ದು ಅವುಗಳಲ್ಲಿ ಒಂದೆಂದು ಎಣಿಸಿದರೆ ತಪ್ಪಾಗಲಾರದು.

ತಬ್ಬಲಿಯಾದ ಹುಡುಗಿಯನ್ನು ತಂದೆ ಹೊಲಿಗೆಯವಳೊಬ್ಬಳ ಹತ್ತಿರ ಕೆಲಸ ಕಲಿಯಲು ಬಿಟ್ಟ, ಅದು ಹಿಡಿಸಲಿಲ್ಲ. ವಸತಿ ಶಾಲೆಗೆ ಸೇರಿಸಿದ. ಅವಳ ತುಂಟತನವನ್ನು ತಡೆಯಲಾರದೆ ಅಲ್ಲಿಂದ ಹೊರಗೆ ಹಾಕಿದರು. ಕೊನೆಗೆ ಆತ ತಾನೇ ಗುರುವಾದ. ಆ ಕಾಲದಲ್ಲಿ ಸರ್ಕಾರದ ದೊಡ್ಡ ಕಲಾಶಾಲೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಅದರ ಬಾಗಿಲು ಅವರಿಗೆ ತೆರೆದದ್ದು 1897ರಲ್ಲಿ. ಆಗ ರೋಸಾಳಿಗೆ ಎಪ್ಪತ್ತೈದು ವರ್ಷ. ಆದುದರಿಂದ ಆಕೆಯ ಶಾಲೆ ಲೂವ್ರ್ ವಸ್ತುಸಂಗ್ರಹಾಲಯವೇ ಆಯಿತು. ಅಲ್ಲಿ ಹಳೆಯ ಮಹನೀಯರ ಚಿತ್ರಗಳನ್ನು ದಿನವಿಡೀ ನಕಲು ಮಾಡುತ್ತಿದ್ದಳು. ಅವರಲ್ಲಿ ಒಬ್ಬ ಹಾಲೆಂಡಿನ ಪೌಲಸ್ ಪಾಟರ್. 1625ರಲ್ಲಿ ಹುಟ್ಟಿ ಇಪ್ಪತ್ತೆಂಟನೆಯ ವಯಸ್ಸಿನಲ್ಲಿಯೇ ತೀರಿಕೊಂಡ ಆ ತರುಣ 1647ರಲ್ಲಿ ಒಂದು ಹೋರಿಯನ್ನು ಅದರ ನಿಜವಾದ ಗಾತ್ರದಲ್ಲಿ, ರಾಜರ ಭಾವಚಿತ್ರವನ್ನು ಬರೆಯುವಷ್ಟು ಗೌರವದಿಂದ ಬರೆದಿದ್ದ. ಪುರಾಣ ಚರಿತ್ರೆಗಳ ಚಿತ್ರವೇ ಉತ್ತಮ, ಹಸು ಕುರಿಗಳದು ಕೀಳು ಎಂದು ಕಲೆಯಲ್ಲಿಯೂ ಜಾತಿಭೇದವಿದ್ದ ಕಾಲವದು. ಪಾಟರನ ದಾರಿಯನ್ನು ರೋಸಾ ಆರಿಸಿಕೊಂಡಳು.

ಮನುಷ್ಯದೇಹವನ್ನು ಎದುರಿಗಿಟ್ಟುಕೊಂಡು ಅಭ್ಯಾಸ ಮಾಡುವ ಅವಕಾಶ ಹೆಣ್ಣಿಗೆ ಇರಲಿಲ್ಲ. ಪ್ರಾಣಿದೇಹಕ್ಕೆ ಅಂಥ ಅಡ್ಡಿಯಿರಲಿಲ್ಲ. ಪ್ಯಾರಿಸ್ಸಿನ ಆರನೆಯ ಅಂತಸ್ತಿನ ಮನೆಯಲ್ಲಿ ಆಕೆ ಒಂದು ಕುರಿಯನ್ನು ಸಾಕಿಕೊಂಡಳು. ಅದರ ವಾಸ ಮಾಳಿಗೆಯ ಮೇಲೆ. ಅದಕ್ಕೆ ಮೇವು ಬೇಕಲ್ಲ. ತಮ್ಮ ಅದನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿಸಿ, ಬಯಲಿನಲ್ಲಿ ಮೇಯಿಸಿ, ಮತ್ತೆ ಹೊತ್ತು ತರುತ್ತಿದ್ದ. ನಮ್ಮ ಕಡೆ ಕುರಿಮಂದೆಯನ್ನು ಹೊಲದಲ್ಲಿ ತರುಬುವುದನ್ನು ಕಂಡವರಿಗೆ ಇದು ನಗೆ ತರಿಸೀತು. ಆದರೆ 1841ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಸಲಾನ್ ಎಂಬ ಹೆಸರಿನ ಪ್ಯಾರಿಸ್ಸಿನ ಮಹಾ ಕಲಾಪ್ರದರ್ಶನದಲ್ಲಿ ಆಕೆಯ ಮೊದಲ ಚಿತ್ರಗಳು ತೂಗಿದುವು: ಮೊಲಗಳು, ಆಡು ಕುರಿಗಳು.

ಸಾಕಿದ ಕುರಿಯನ್ನು ನೋಡಿದರೆ ಚರ್ಮ ತಿಳಿದೀತು. ಚರ್ಮದ ಕೆಳಗಿನ ಎಲುಬು ಕೀಲು ಸ್ನಾಯುಗಳು ತಿಳಿಯಬೇಕಾದರೆ? ಅದಕ್ಕಾಗಿ ರೋಸಾ ಪ್ಯಾರಿಸ್ಸಿನ ಕಸಾಯಿಖಾನೆಗೆ ಹೋಗತೊಡಗಿದಳು. ರಕ್ತದ ನಡುವೆ, ಗಂಡಸರ ಕುಚೋದ್ಯದ ನಡುವೆ ಕುಳಿತು ಬರೆಯುತ್ತಿದ್ದಳು. ಪ್ರಾಣಿಗಳನ್ನು ಅಷ್ಟು ಪ್ರೀತಿಸಿದವಳು ಅಲ್ಲಿಗೆ ಹೇಗೆ ಹೋದಳೆಂದು ನಮ್ಮ ವಾಚಕರಲ್ಲಿ ಕೆಲವರಿಗೆ ಕಸಿವಿಸಿಯಾಗಬಹುದು. ನನಗೂ ಆಗಿದ್ದುಂಟು. ವೈದ್ಯನಾಗುವವನು ಶವವನ್ನು ಕೊಯ್ದು ನೋಡುವುದಕ್ಕೆ ನಾವು ಹೇಸುವುದಿಲ್ಲ. ಬರಿಯ ಮರುಕದಿಂದ ಚಿತ್ರವಾಗುವುದಿಲ್ಲ, ಮರುಕಕ್ಕೆ ತಿಳಿವಳಿಕೆಯ ಎಲುಬು ಬೇಕು ಎಂಬುದನ್ನು ಆಕೆ ಎಳೆಯ ವಯಸ್ಸಿನಲ್ಲಿಯೇ ಅರಿತಿದ್ದಳೆಂದು ತೋರುತ್ತದೆ.

1848ರ ಪ್ರದರ್ಶನದಲ್ಲಿ ಆಕೆಗೆ ಚಿನ್ನದ ಪದಕ ದೊರೆಯಿತು. ಅದು ಫ್ರಾನ್ಸಿನಲ್ಲಿ ಕ್ರಾಂತಿಯ ವರ್ಷ. ಅರಸೊತ್ತಿಗೆ ಉರುಳಿ ಗಣರಾಜ್ಯ ಬಂದಿತ್ತು. ಹೊಲ ಉಳುವ ದೃಶ್ಯವೊಂದನ್ನು ಬರೆದುಕೊಡಬೇಕೆಂದು ಹೊಸ ಸರ್ಕಾರ 3,000 ಫ್ರಾಂಕುಗಳಿಗೆ ಆಕೆಯನ್ನು ಗೊತ್ತುಮಾಡಿತು. ರೋಸಾ ದೇಶದ ನಡುಭಾಗದ ನಿವೆರ್ನೆ ಸೀಮೆಗೆ ಹೋಗಿ, ಅಲ್ಲಿನ ಎತ್ತುಗಳನ್ನೂ ನೇಗಿಲುಗಳನ್ನೂ ನೋಡಿ ಬರೆದುಕೊಂಡಳು. ಹೀಗೆ ಸಿದ್ಧವಾದದ್ದೇ ನಾನು ಮೈಸೂರಿನಲ್ಲಿ ಕಂಡ ಚಿತ್ರ, ‘ನಿವೆರ್ನೆಯ ಉಳುಮೆ’. 1849ರಲ್ಲಿ ಪ್ರದರ್ಶಿತವಾದ ಇದರ ಮೂಲ ಸುಮಾರು ನಾಲ್ಕೂವರೆ ಅಡಿ ಎತ್ತರ, ಎಂಟೂವರೆ ಅಡಿ ಅಗಲ. ಈಗ ಅದು ಪ್ಯಾರಿಸ್ಸಿನ ಒರ್ಸೇ ಸಂಗ್ರಹಾಲಯದಲ್ಲಿದೆ.

ಈ ಚಿತ್ರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದು ಸುಗ್ಗಿಯಾದ ಮೇಲೆ, ಚಳಿ ಬರುವ ಮುಂಚೆ, ಮಣ್ಣನ್ನು ಗಾಳಿಗೆ ಒಡ್ಡಲು ಮಾಡುವ ಮೊದಲ ಉಳುಮೆ. ನಮ್ಮ ರೈತರು ಮಾಗಿ ಉಳುಮೆ ಎನ್ನುವುದಕ್ಕೆ ಹತ್ತಿರದ್ದು. ಆರಾರು ಎತ್ತುಗಳ ಎರಡು ಸಾಲು, ಒಟ್ಟು ಹನ್ನೆರಡು. ಶಾರೊಲೆ ಎಂಬ ಬಿಳಿಯ ತಳಿಯವೇ ಹೆಚ್ಚು. ನಮ್ಮ ಎತ್ತಿನ ನೊಗ ಹಿಣಿಲಿಗೆ ಆನಿಕೊಂಡು ನಿಲ್ಲುತ್ತದೆ; ಹಿಣಿಲಿಲ್ಲದ ಆ ಎತ್ತುಗಳ ನೊಗವನ್ನು ಕೊಂಬಿನ ಬುಡಕ್ಕೆ ಬಿಗಿಯುತ್ತಾರೆ. ಹೀಗಾಗಿ ಅವು ಹೆಗಲಿನಿಂದಲ್ಲ, ತಲೆಯಿಂದ ಎಳೆಯುತ್ತವೆ. ಕತ್ತು ತಗ್ಗಿ ಮುಂದಕ್ಕೆ ಚಾಚಿರುವ ಆ ಬಿಗುಹನ್ನು ರೋಸಾ ಎಲ್ಲಿಯೂ ಸಡಿಲಿಸಿಲ್ಲ. ಬಾಯ ಜೊಲ್ಲು, ತೊಡೆಗಂಟಿದ ಒಣಸಗಣಿ, ನೇಗಿಲು ಮಗುಚಿದ ಮಣ್ಣಿನ ಹಸಿ ಹೊಳಪು ಇವೆಲ್ಲಕ್ಕೂ ಒಂದೇ ಶ್ರದ್ಧೆ. ಮನುಷ್ಯರೂ ಇದ್ದಾರೆ, ಆದರೆ ಅವರ ಮುಖ ಸರಿಯಾಗಿ ಕಾಣುವುದಿಲ್ಲ. ಬೆಳಕೆಲ್ಲ ಎತ್ತುಗಳ ಬೆನ್ನ ಮೇಲೆ. ಅವುಗಳಲ್ಲಿ ಒಂದು ನಡೆಯುತ್ತಲೇ ನೋಡುಗನತ್ತ ಕಣ್ಣು ಹೊರಳಿಸಿದೆ. ಆ ಕಣ್ಣಿನಲ್ಲಿ ದೂರಿಲ್ಲ, ಬೇಡಿಕೆಯಿಲ್ಲ. ನಾನಿದ್ದೇನೆ, ಎಳೆಯುತ್ತಿದ್ದೇನೆ ಎಂಬಷ್ಟೇ ಇದೆ. ಕೊಟ್ಟಿಗೆಯಲ್ಲಿ ಅಂಗೈಗೆ ತಿಳಿದದ್ದನ್ನು ನಾನು ಎರಡನೆಯ ಸಲ ತಿಳಿದದ್ದು ಆ ಕಣ್ಣಿನಿಂದ.

ಅದೇ 1849ರಲ್ಲಿ ತಂದೆ ತೀರಿಕೊಂಡ. ಆತ ನಡೆಸುತ್ತಿದ್ದ ಹೆಣ್ಣುಮಕ್ಕಳ ಉಚಿತ ಚಿತ್ರಶಾಲೆಯ ಮುಖ್ಯಸ್ಥಾನ ಮಗಳಿಗೆ ಬಂದಿತು. ಸುಮಾರು ಹತ್ತು ವರ್ಷ ಆಕೆ ಅದನ್ನು ವಹಿಸಿದ್ದಳು.

ಆ ಹೊತ್ತಿಗೆ ರೋಸಾಳ ಮನಸ್ಸು ಎತ್ತಿನಿಂದ ಕುದುರೆಯ ಕಡೆಗೆ ತಿರುಗಿತ್ತು. ಪ್ಯಾರಿಸ್ಸಿನ ಲೋಪಿತಾಲ್ ಬೀದಿಯಲ್ಲಿ ಕುದುರೆ ಸಂತೆ ಸೇರುತ್ತಿತ್ತು. ಸುಮಾರು ಒಂದೂವರೆ ವರ್ಷ, ವಾರಕ್ಕೆರಡು ಸಲ ಆಕೆ ಅಲ್ಲಿಗೆ ಹೋಗಿ ಬರೆದುಕೊಂಡಳು. ದಲ್ಲಾಳಿಗಳ ಗದ್ದಲದಲ್ಲಿ ಉದ್ದನೆಯ ಲಂಗ ತೊಟ್ಟ ಹೆಣ್ಣು ನಿಂತರೆ ಕುದುರೆಗಳನ್ನು ಬಿಟ್ಟು ಎಲ್ಲರೂ ಅವಳನ್ನೇ ನೋಡಿಯಾರು. ಆಕೆ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡು, ಷರಾಯಿ ಮತ್ತು ರೈತರ ದೊಗಲೆ ಅಂಗಿ ತೊಟ್ಟು ಹೋಗುತ್ತಿದ್ದಳು. ಆದರೆ ಹೆಣ್ಣು ಗಂಡುಡುಗೆ ತೊಡಬೇಕಾದರೆ ಪೋಲೀಸರ ಪರವಾನಗಿ ಬೇಕೆಂದು ಪ್ಯಾರಿಸ್ಸಿನಲ್ಲಿ 1800ರಿಂದಲೂ ಒಂದು ಆಜ್ಞೆಯಿತ್ತು. ಅದಕ್ಕೆ ವೈದ್ಯನ ಪತ್ರವೂ ಬೇಕು. ರೋಸಾ ಪಡೆದ ಅಂಥ ಒಂದು ಪರವಾನಗಿ ಇಂದಿಗೂ ಉಳಿದಿದೆ. ಅದರ ತಾರೀಖು 1857ರ ಮೇ 12. ಅವಧಿ ಆರು ತಿಂಗಳು. ಆರು ತಿಂಗಳಿಗೊಮ್ಮೆ ಪೋಲೀಸರ ಕಛೇರಿಗೆ ಹೋಗಿ, ಷರಾಯಿ ತೊಡಲು ಸರ್ಕಾರದ ಅಪ್ಪಣೆ ಬೇಡಿದವಳು ಯುರೋಪಿನ ಹೆಸರಾಂತ ಚಿತ್ರಕಾರ್ತಿ! ಆ ಆಜ್ಞೆ ಸತ್ತುಹೋಗಿದೆಯೆಂದು ಫ್ರಾನ್ಸಿನ ಸರ್ಕಾರ ಬಾಯಿಬಿಟ್ಟು ಹೇಳಿದ್ದು 2013ರಲ್ಲಿ.

‘ಕುದುರೆ ಸಂತೆ’ 1853ರ ಸಲಾನಿನಲ್ಲಿ ಕಾಣಿಸಿಕೊಂಡಿತು. ಎಂಟು ಅಡಿ ಎತ್ತರ, ಹದಿನಾರಡಿಗೂ ಮಿಕ್ಕ ಅಗಲ. ಪೆರ್ಷರೋನ್ ತಳಿಯ ಬಲಿಷ್ಠ ಕುದುರೆಗಳು ಹೆಡಕೆತ್ತಿ, ಕೆನೆಯುತ್ತ, ಹಿಡಿದವರ ಕೈ ಜಗ್ಗುತ್ತ ಸುತ್ತಿ ಬರುತ್ತಿವೆ. ಪ್ರಾಚೀನ ಗ್ರೀಸಿನ ಪಾರ್ಥೆನಾನ್ ಗುಡಿಯ ಅಶ್ವಪಂಕ್ತಿ ಆಕೆಯ ಮನಸ್ಸಿನಲ್ಲಿತ್ತು. ಗುಂಪಿನ ನಡುವೆ ನೋಡುಗರತ್ತ ಮುಖ ತಿರುಗಿಸಿರುವ ಸವಾರ ಗಂಡುಡುಗೆಯ ರೋಸಾಳೇ ಇರಬಹುದೆಂದು ಈಚಿನ ಕೆಲವು ವಿದ್ವಾಂಸರು ಊಹಿಸಿದ್ದಾರೆ. ಆಕೆ ಈ ಚಿತ್ರವನ್ನು ತನ್ನ ಹುಟ್ಟೂರಾದ ಬೋರ್ಡೋಗೆ ಕಡಿಮೆ ಬೆಲೆಗೆ ಕೊಡಲು ಮುಂದಾದಳು. ಊರು ಕೊಳ್ಳಲಿಲ್ಲ. ಲಂಡನ್ನಿನ ಚಿತ್ರವ್ಯಾಪಾರಿ ಗಾಂಬಾರ್ 40,000 ಫ್ರಾಂಕುಗಳಿಗೆ ಕೊಂಡು ಇಂಗ್ಲೆಂಡಿನಲ್ಲಿ ಮೆರೆಸಿದ. ವಿಕ್ಟೋರಿಯಾ ರಾಣಿಯೂ ಅದನ್ನು ತರಿಸಿ ನೋಡಿದಳು. ಕೊನೆಗೆ ಅದು ಅಮೆರಿಕಕ್ಕೆ ಹೋಗಿ, 1887ರಲ್ಲಿ ಕಾರ್ನೀಲಿಯಸ್ ವಾಂಡರ್‌ಬಿಲ್ಟ್ ಎಂಬ ಶ್ರೀಮಂತನಿಂದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ದಾನವಾಗಿ ಬಂದು, ಇಂದಿಗೂ ಅಲ್ಲಿದೆ.

1856ರಲ್ಲಿ ಆಕೆ ಇಂಗ್ಲೆಂಡ್ ಸ್ಕಾಟ್ಲೆಂಡುಗಳಲ್ಲಿ ಸಂಚರಿಸಿ, ಅಲ್ಲಿನ ಪ್ರಸಿದ್ಧ ಪ್ರಾಣಿಚಿತ್ರಕಾರ ಲ್ಯಾಂಡ್‌ಸೀರನನ್ನು ಕಂಡಳು. ಇಬ್ಬರಿಗೂ ಒಬ್ಬರಲ್ಲೊಬ್ಬರಿಗೆ ಗೌರವವಿತ್ತು. ಆದರೂ ಇಬ್ಬರ ದಾರಿ ಬೇರೆ. ಒಡೆಯನ ಶವಪೆಟ್ಟಿಗೆಗೆ ಗದ್ದವಿಟ್ಟು ದುಃಖಿಸುವ ನಾಯಿಯ ಚಿತ್ರ ಲ್ಯಾಂಡ್‌ಸೀರನದು. ನೋಡಿದರೆ ಕಣ್ಣು ತುಂಬುತ್ತದೆ, ನಿಜ. ಆದರೆ ಆ ದುಃಖ ಮನುಷ್ಯನದು. ನಾಯಿ ಅದನ್ನು ಹೊತ್ತುಕೊಂಡಿದೆ. ರೋಸಾ ತನ್ನ ಪ್ರಾಣಿಗಳ ಮೇಲೆ ನಮ್ಮ ದುಃಖವನ್ನು ಹೇರಲಿಲ್ಲ. ಅವುಗಳ ಪಾಲಿಗೆ ನಮ್ಮ ನೊಗವೇ ಸಾಕಷ್ಟಾಗಿದೆ.

ಚಿತ್ರಗಳಿಂದ ಬಂದ ಹಣದಲ್ಲಿ ರೋಸಾ 1859ರಲ್ಲಿ ಫಾಂಟನ್‌ಬ್ಲೋ ಅರಣ್ಯದ ಅಂಚಿನಲ್ಲಿ, ಬೀ ಎಂಬಲ್ಲಿ ಒಂದು ಹಳೆಯ ಬಂಗಲೆಯನ್ನು ಕೊಂಡಳು. ಬಾಲ್ಯದಿಂದ ಜೊತೆಗಿದ್ದ ಗೆಳತಿ ನತಾಲಿ ಮಿಕಾ ಮನೆಯ ಆಡಳಿತವನ್ನು ನೋಡಿಕೊಂಡಳು. ಆ ಗೆಳತಿಯೂ ಸಾಮಾನ್ಯಳಲ್ಲ. ರೈಲುಬಂಡಿಗೆ ಹೊಸ ಬಗೆಯ ಬ್ರೇಕನ್ನು ಕಲ್ಪಿಸಿ ತೋಟದಲ್ಲಿಯೇ ಪರೀಕ್ಷಿಸಿದವಳು. ಅಂಗಳದ ತುಂಬ ಕುರಿ, ಕುದುರೆ, ಹಸು, ನಾಯಿ, ಜಿಂಕೆ. ಕೊನೆಗೆ ಸಿಂಹಗಳು ಕೂಡ. 1865ರಲ್ಲಿ ಸಾಮ್ರಾಜ್ಞಿ ಯೂಜೆನಿ ತಾನೇ ಆ ಮನೆಗೆ ಬಂದು, ಲೀಜನ್ ಆಫ್ ಆನರ್ ಪದಕವನ್ನು ಆಕೆಯ ಎದೆಗೆ ಚುಚ್ಚಿದಳು. ಅದನ್ನು ಪಡೆದ ಮೊದಲ ಮಹಿಳಾ ಕಲಾವಿದೆ ರೋಸಾ. ಚಕ್ರವರ್ತಿ ಆಗ ಆಲ್ಜೀರಿಯದ ಪ್ರವಾಸದಲ್ಲಿದ್ದ. ರಾಜ್ಯಭಾರ ಸಾಮ್ರಾಜ್ಞಿಯ ಕೈಯಲ್ಲಿತ್ತು. ಅದಿಲ್ಲದಿದ್ದರೆ ಆ ಪದಕ ಎಷ್ಟು ಕಾಲ ಕಾಯಬೇಕಾಗಿತ್ತೋ!

1889ರಲ್ಲಿ ನತಾಲಿ ತೀರಿಕೊಂಡಳು. ಅದೇ ವರ್ಷ ಪ್ಯಾರಿಸ್ಸಿಗೆ ಬಂದಿದ್ದ ಅಮೆರಿಕದ ಬಫಲೋ ಬಿಲ್ಲನ ಸಾಹಸ ಪ್ರದರ್ಶನದ ಬಿಡಾರಕ್ಕೆ ಹೋಗಿ, ಕಾಡೆಮ್ಮೆಗಳನ್ನೂ ಕುದುರೆಗಳನ್ನೂ ಬರೆದದ್ದು ಶೋಕದಲ್ಲಿದ್ದ ಮುದುಕಿಗೆ ಒಂದು ಚೇತನವಾಯಿತು. 1898ರಲ್ಲಿ ಆನಾ ಕ್ಲುಂಪ್ಕೆ ಎಂಬ ಅಮೆರಿಕದ ಚಿತ್ರಕಾರ್ತಿ ಆಕೆಯ ಭಾವಚಿತ್ರ ಬರೆಯಲು ಬಂದು ಅಲ್ಲಿಯೇ ನಿಂತಳು. ಮರುವರ್ಷ, 1899ರ ಮೇ 25ರಂದು, ಎಪ್ಪತ್ತೇಳನೆಯ ವಯಸ್ಸಿನಲ್ಲಿ ರೋಸಾ ಕಣ್ಣು ಮುಚ್ಚಿದಳು. ಪ್ಯಾರಿಸ್ಸಿನ ಪೇರ್ ಲಾಶೇಸ್ ಸ್ಮಶಾನದಲ್ಲಿ ನತಾಲಿಯ ಜೊತೆಗೇ ಆಕೆಯ ಗೋರಿಯಿದೆ.

ಮರಣಾನಂತರ, 1900ರಲ್ಲಿ, ಆಕೆಯ ಮನೆಯಲ್ಲಿದ್ದ ಎರಡು ಸಾವಿರದಷ್ಟು ಕೃತಿಗಳು ಹರಾಜಾದುವು. ಅವುಗಳಲ್ಲಿ ಬಹುಪಾಲು ಅಭ್ಯಾಸಚಿತ್ರಗಳು: ಒಂದು ಗೊರಸು, ಒಂದು ಕಿವಿ, ಮಲಗಿದ ಕರುವಿನ ಬೆನ್ನು. ಐವತ್ತು ವರ್ಷ ಮಾರದೆ ಬಳಿಯಲ್ಲಿಟ್ಟುಕೊಂಡಿದ್ದವು. ದೊಡ್ಡ ಚಿತ್ರಗಳ ಹಿಂದಿನ ಉಳುಮೆ ಎಷ್ಟೆಂಬುದು ಲೋಕಕ್ಕೆ ಆಗ ತಿಳಿಯಿತು. ಆದರೆ ಲೋಕದ ರುಚಿ ಆ ವೇಳೆಗೆ ಬದಲಾಗಿತ್ತು. ಬೆಳಕನ್ನೇ ಬಣ್ಣವಾಗಿ ಒಡೆದು ಬರೆಯುವ ಮೋನೆ ಮೊದಲಾದವರ ಕಾಲ ಬಂದಿತ್ತು. ರೋಸಾಳ ತಿದ್ದಿತೀಡಿದ ರೀತಿ ಹಳತಾಗಿ ಕಂಡಿತು. ಆಕೆಯಲ್ಲಿ ದೋಷವಿಲ್ಲವೆಂದಲ್ಲ. ಕೊಳ್ಳುವವರು ಸಾಲುಗಟ್ಟಿ ನಿಂತಿದ್ದುದರಿಂದ ಆಕೆ ಒಂದೇ ರೀತಿಯಲ್ಲಿ ದೀರ್ಘಕಾಲ ನಿಂತುಬಿಟ್ಟಳು. ತನ್ನ ಸುತ್ತ ಹುಟ್ಟುತ್ತಿದ್ದ ಹೊಸ ಕಲೆಯ ಕಡೆ ಕಣ್ಣು ಹಾಯಿಸಲಿಲ್ಲ. ಮುಂದಿನ ತಲೆಮಾರುಗಳು ಆಕೆಯನ್ನು ಹೆಚ್ಚು ಕಡಿಮೆ ಮರೆತುವು. ಹುಟ್ಟಿ ಇನ್ನೂರು ವರ್ಷ ತುಂಬಿದ 2022ರಲ್ಲಿ ಬೋರ್ಡೋ ಮತ್ತು ಪ್ಯಾರಿಸ್ಸುಗಳಲ್ಲಿ ದೊಡ್ಡ ಪ್ರದರ್ಶನ ನಡೆದು, ಮರೆತವರು ಮತ್ತೆ ನೆನೆದರು.

ಇದನ್ನೆಲ್ಲ ಇಷ್ಟು ದೂರದ ತೆಂಗಿನ ಸೀಮೆಯಲ್ಲಿ ಕುಳಿತು ಬರೆಯುವುದೇಕೆ? ಎತ್ತುಗಳ ವಿಷಯದಲ್ಲಿ ನಮ್ಮ ನಾಡೇನೂ ಬಡದಲ್ಲ. ಮೈಸೂರಿನ ಅರಸರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಫಿರಂಗಿಗಳನ್ನು ಎಳೆದು ದಂಡಿನೊಡನೆ ಓಡಿದ ಎತ್ತುಗಳು ಅವು. ಅವುಗಳಿಗೆಂದು ಮೀಸಲಾದ ಕಾವಲುಗಳು ನಮ್ಮ ಜಿಲ್ಲೆಯಲ್ಲಿಯೂ ಇದ್ದುವು. ಸಿದ್ಧಗಂಗೆಯ ಜಾತ್ರೆಯಲ್ಲಿ ಜೊತೆ ಜೊತೆಯಾಗಿ ನಿಂತ ಹಳ್ಳಿಕಾರ್ ಎತ್ತುಗಳನ್ನು ಕಂಡವರು ಲೋಪಿತಾಲ್ ಬೀದಿಯ ಸಂತೆಗೆ ಬೆರಗಾಗಬೇಕಿಲ್ಲ. ನಮ್ಮಲ್ಲಿ ಎತ್ತುಗಳಿದ್ದುವು, ವಾರಕ್ಕೆರಡು ಸಲ ಅವುಗಳ ಮುಂದೆ ಹೋಗಿ ಕೂರುವವರು ಇರಲಿಲ್ಲ. ಆ ತಪ್ಪನ್ನು ನಾನು ಯಾರ ಮೇಲೂ ಹೊರಿಸಲಾರೆ. ಬಾಳೆಲ್ಲ ಚಿತ್ರ ಬರೆಯುವುದನ್ನು ಕಲಿಸಿದವನು ನಾನು. ಹೂಕುಂಡವನ್ನೂ ಸೂರ್ಯೋದಯವನ್ನೂ ಕರಿಹಲಗೆಯ ಮೇಲೆ ಬರೆದು ತೋರಿಸಿ ನಿವೃತ್ತನಾದೆ.

1965ರ ಬರದಲ್ಲಿ ಮೇವಿಲ್ಲದೆ ತಾತನವರು ಆ ಜೊತೆಯನ್ನು ಮಾರಿದರು. ಕಣ್ಣಿ ಬಿಚ್ಚಿಕೊಟ್ಟು ಬಂದ ಸಂಜೆ ಅವರು ಊಟ ಮಾಡಲಿಲ್ಲ. ಈಗ ನಮ್ಮ ಹೊಲವನ್ನು ಉಳುವುದು ಬಾಡಿಗೆಯ ಟ್ರ್ಯಾಕ್ಟರು. ಅರ್ಧ ಗಂಟೆಯ ಕೆಲಸ. ಅದನ್ನು ನಾನು ಹಳಿಯುವುದಿಲ್ಲ. ನೊಗ ಹೊತ್ತ ಕತ್ತಿಗೆ ಬಿಡುಗಡೆ ದೊರೆತದ್ದು ಒಳ್ಳೆಯದೇ. ಆದರೆ ಅಷ್ಟು ಕಾಲ ಹೊತ್ತವರ ಗುರುತೊಂದು ಉಳಿಯಬೇಡವೆ?

ಮೊನ್ನೆ ಒಂದು ದೊಡ್ಡ ಹಾಳೆಯನ್ನು ಹರಡಿಕೊಂಡು, ಆ ಎತ್ತುಗಳನ್ನು ನೆನಪಿನಿಂದ ಬರೆಯಲು ಕುಳಿತೆ. ಹೆಗಲನ್ನು ಬರೆದೆ; ಕೂದಲು ಸವೆದ ಆ ಜಾಗವನ್ನು ಮೊದಲು ಬರೆದೆ. ಅಂಗೈ ಅದನ್ನು ಮರೆತಿರಲಿಲ್ಲ. ಆದರೆ ಎಡಗಡೆಯ ಎತ್ತಿನ ಕೊಂಬಿನ ತುದಿ ಒಳಕ್ಕೆ ಬಾಗಿತ್ತೋ ಹೊರಕ್ಕೋ, ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಹೇಳಬಲ್ಲವರು ಮನೆಯಲ್ಲಿ ಯಾರೂ ಉಳಿದಿಲ್ಲ. ಹಾಳೆ ಹಾಗೆಯೇ ಇದೆ.